ಖಗೋಳ ಗಣನೆ ಕಲಿಯಲು ಆನ್‌ಲೈನ್ ಕೋರ್ಸ್ ಹುಡುಕುವುದು ಹೇಗೆ?

ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುತ್ತಲೇ ಖಗೋಳ ಸಂಶೋಧನೆಗೆ ಕೈಹಾಕಬಹುದು. ದೊಡ್ಡ ದೂರದರ್ಶಕಗಳು ಕಲೆಹಾಕಿದ ದತ್ತಾಂಶ ಬಹುಮಟ್ಟಿಗೆ ಉಚಿತವಾಗಿಯೇ ಸಿಗುವುದರಿಂದ, ಅದನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಕೌಶಲವನ್ನು ಗಳಿಸಿಕೊಳ್ಳುವುದೇ ಮುಖ್ಯ.

ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ತಾಣದಲ್ಲಿ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಿದ್ದವರು ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಹತ್ತಿರದ ಕೇಂದ್ರ ಯಾವುದೆಂದು ನೋಂದಣಿಯ ವೇಳೆಯೇ ನೋಡಿಕೊಳ್ಳಿ.

ಎರಡನೆಯದು ಹುಡುಕಾಟ. ‘ಆಸ್ಟ್ರಾನಮಿ’ ಎಂದಷ್ಟೇ ಹುಡುಕಿದರೆ ವಿವರಣೆಯ ಪಾಠಗಳೇ ಹೆಚ್ಚಾಗಿ ಬರುತ್ತವೆ. ಜೊತೆಗೆ ‘ಪೈಥಾನ್’, ‘ಡೇಟಾ’, ‘ಕಂಪ್ಯುಟೇಷನಲ್’ ಎಂಬ ಪದಗಳನ್ನೂ ಸೇರಿಸಿ. ನಾನು ಮೊದಲು ಸೂಚಿಸುವುದು ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿರುವ ಸಿಡ್ನಿ ವಿಶ್ವವಿದ್ಯಾಲಯದ ‘ಡೇಟಾ ಡ್ರಿವನ್ ಆಸ್ಟ್ರಾನಮಿ’ಯನ್ನು. ಮಂದವಾದ ಪಲ್ಸಾರ್‌ಗಳನ್ನು (ವೇಗವಾಗಿ ತಿರುಗುತ್ತಾ ಮಿಡಿತದಂತೆ ಅಲೆಗಳನ್ನು ಸೂಸುವ ನಕ್ಷತ್ರಗಳನ್ನು) ಗುರುತಿಸಲು ಅನೇಕ ಚಿತ್ರಗಳ ಮಧ್ಯಾಂಕ ತೆಗೆಯುವುದು, ಎರಡು ಆಕಾಶಕಾಯ ಪಟ್ಟಿಗಳನ್ನು ಬೇಗ ಹೊಂದಿಸಿ ನೋಡುವುದು, ದತ್ತಾಂಶ ಸಂಗ್ರಹದಿಂದ ಬೇಕಾದ್ದನ್ನು ಹುಡುಕಿ ತೆಗೆಯುವ ಎಸ್‌ಕ್ಯೂಎಲ್ ಭಾಷೆಯನ್ನು ಬಳಸುವುದು, ಯಂತ್ರಕಲಿಕೆಯಿಂದ (ಮಷೀನ್ ಲರ್ನಿಂಗ್) ಗೆಲಾಕ್ಸಿಗಳನ್ನು ವಿಂಗಡಿಸುವುದು ಇವೆಲ್ಲವನ್ನೂ ಅಲ್ಲಿ ಸ್ವತಃ ಕೋಡ್ ಬರೆದೇ ಕಲಿಯಬೇಕಾಗುತ್ತದೆ. ಶುಲ್ಕ ಭಾರವೆನಿಸಿದರೆ, ಆರ್ಥಿಕ ನೆರವಿನ ಅರ್ಜಿಗೆ ಅವಕಾಶವಿದೆಯೇ ಎಂದು ಕೋರ್ಸಿನ ಪುಟದಲ್ಲಿ ನೋಡಿ.

ಬೇರೆ ಯಾವ ಕೋರ್ಸನ್ನೇ ಆರಿಸಿದರೂ ಸೇರುವ ಮುನ್ನ ವಾರವಾರದ ಪಠ್ಯಕ್ರಮವನ್ನು ಪೂರ್ತಿ ಓದಲೇಬೇಕು. ಅಸೈನ್‌ಮೆಂಟ್‌ಗಳಲ್ಲಿ ನಿಜವಾದ ದತ್ತಾಂಶವಿದೆಯೇ, ಅಥವಾ ಬರೀ ಬಹು ಆಯ್ಕೆಯ ಪ್ರಶ್ನೆಗಳಿವೆಯೇ ಎಂಬುದನ್ನು ಪರಿಶೀಲಿಸಿ. ಪಾಠಗಳು ಪೈಥಾನ್ 2ರಲ್ಲಿದ್ದರೆ ಬಿಟ್ಟುಬಿಡಿ. ಅದರ ಅಧಿಕೃತ ಬೆಂಬಲ 2020ರಲ್ಲೇ ನಿಂತಿದೆ.

ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ. ಪೈಥಾನ್ ಕೋಡ್ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ಸೇವೆ ಬ್ರೌಸರ್‌ನಲ್ಲೇ ನಡೆಯುತ್ತದೆ. ಅದರಲ್ಲಿ ಆಸ್ಟ್ರೋಪೈ ಎಂಬ ಉಚಿತ ತಂತ್ರಾಂಶದ ಪಾಠಗಳನ್ನು ಮಾಡುತ್ತಾ, ಖಗೋಳ ಚಿತ್ರಗಳನ್ನು ಸಾಮಾನ್ಯವಾಗಿ ಸಂಗ್ರಹಿಸಿಡುವ ಫಿಟ್ಸ್ ಕಡತಗಳನ್ನು ತೆರೆಯುವುದನ್ನು ರೂಢಿಸಿಕೊಳ್ಳಿ.

ಕೋರ್ಸ್ ಮುಗಿಯುವುದರೊಳಗೆ ಸ್ವಂತದ್ದೊಂದು ಪುಟ್ಟ ಯೋಜನೆ ಕೈಗೆತ್ತಿಕೊಳ್ಳಿ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಗಾಯಾ ನೌಕೆ ಅಳೆದ ನಕ್ಷತ್ರಗಳ ಮೂರನೆಯ ದತ್ತಾಂಶ ಬಿಡುಗಡೆ 2022ರಲ್ಲಿ ಪೂರ್ಣಗೊಂಡು ಎಲ್ಲರಿಗೂ ಮುಕ್ತವಾಗಿದೆ. ಅದರಿಂದ ಕೃತ್ತಿಕಾ ಗುಚ್ಛದ ಸುತ್ತಲಿನ ನಕ್ಷತ್ರಗಳನ್ನು ಆಯ್ದು, ಪ್ಯಾರಲಾಕ್ಸ್ (ನಕ್ಷತ್ರದ ದೂರವನ್ನು ತಿಳಿಸುವ ಸಣ್ಣ ಕೋನ) ಸುಮಾರು 7.4 ಮಿಲಿಆರ್ಕ್‌ಸೆಕೆಂಡ್ ಇರುವ, ಅಂದರೆ ಹೆಚ್ಚುಕಡಿಮೆ ಗುಚ್ಛದಷ್ಟೇ ದೂರದಲ್ಲಿರುವವನ್ನಷ್ಟೇ ಉಳಿಸಿಕೊಂಡು, ಅವುಗಳ ಬಣ್ಣ ಮತ್ತು ಕಾಂತಿಯ ನಕ್ಷೆ ಬರೆಯಿರಿ. ಈ ನಕ್ಷೆಯನ್ನು ನಿಮ್ಮ ಕಾಲೇಜಿನ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಭೌತವಿಜ್ಞಾನ ಅಧ್ಯಾಪಕರಿಗೆ ತೋರಿಸಿ ಸಲಹೆ ಕೇಳಿ. ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಐಯುಕಾ ಸಂಸ್ಥೆಯ ಬೇಸಿಗೆ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವಾಗಲೂ ಈ ಕೆಲಸವನ್ನು ನಮೂದಿಸಬಹುದು.