ಕಂದುಗಟ್ಟಿದ ಕರಿ ಕುದುರೆ ಮತ್ತೆ ಕಪ್ಪಾದ ಬಗೆ

ಅರಸೀಕೆರೆಯ ಬಿಸಿಲಿಗೆ ಕರಿ ಕುದುರೆ ಕಂದುಗಟ್ಟದೆ ಇರಲಾರದು, ಹೊಟ್ಟೆಗೆ ಏನು ಹಾಕಿದರೂ ಮೈಬಣ್ಣ ತಿರುಗುವುದಿಲ್ಲ ಎಂದು ಕುದುರೆ ಸಾಕುವ ಗೆಳೆಯರು ಖಚಿತವಾಗಿ ಹೇಳುತ್ತಿದ್ದರು. ಈ ಬೇಸಿಗೆಯಲ್ಲಿ ನನ್ನ ಹೆಣ್ಣು ಕುದುರೆಯನ್ನು ಕಂಡ ಮೇಲೆ ಅವರೇ ಏನು ತಿನ್ನಿಸಿದೆ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಜಂತಿನ ಔಷಧ, ಹಲ್ಲಿನ ಪರೀಕ್ಷೆ, ದಿನನಿತ್ಯದ ಮಾಲೀಸು ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಬೆನ್ನು ಮತ್ತು ಪಕ್ಕೆಗಳ ರೋಮ ತುಕ್ಕಿನ ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಮೊದಲು ಹಣ ಹೋದದ್ದು ಎಣ್ಣೆಗೆ. ಹೊರಗಿನಿಂದ ತರಿಸಿದ ಡಬ್ಬಕ್ಕೆ ಮೂರು ಸಾವಿರ ರೂಪಾಯಿಯ ಹತ್ತಿರ ಬೀಳುತ್ತಿತ್ತು, ತಿಂಗಳಿಗೂ ಸಾಲುತ್ತಿರಲಿಲ್ಲ. ತೆಂಗಿನ ಸೀಮೆಯಲ್ಲಿದ್ದುಕೊಂಡು ಇಷ್ಟು ಖರ್ಚೇಕೆ ಎಂದು ಕೊಬ್ಬರಿ ಎಣ್ಣೆ ಕೊಟ್ಟು ನೋಡಿದೆ. ಮೈ ತುಂಬಿತು, ಬಣ್ಣ ಬದಲಾಗಲಿಲ್ಲ. ಕೊಬ್ಬರಿ ಹಿಂಡಿ ಮಳೆಗಾಲದಲ್ಲಿ ಕಮಟು ಹಿಡಿದಾಗ ಕುದುರೆ ಮೂಸಿಯೂ ನೋಡಲಿಲ್ಲ. ತೌಡಿನಿಂದ ಸ್ವಲ್ಪ ಹೊಳಪು ಬಂದದ್ದು ನಿಜ. ಆದರೆ ಅದರಲ್ಲಿ ರಂಜಕ ಬಹಳ, ಸುಣ್ಣದಂಶ ತೀರ ಕಡಿಮೆ. ಬಹುಕಾಲ ಹಾಕಿದರೆ ಮೂಳೆಯ ಸುಣ್ಣ ಕರಗಿ ಮುಖದ ಮೂಳೆ ಊದಿಕೊಳ್ಳುತ್ತದೆಯಾದ್ದರಿಂದ ಅದನ್ನು ಕೈಬಿಟ್ಟೆ.

ರಾಗಿ ಹುಲ್ಲು ಮತ್ತು ಬೇಯಿಸಿದ ಹುರುಳಿಯ ಮೇಲೆಯೇ ಬದುಕುವ ಕುದುರೆಗೆ ತಾಮ್ರ, ಜಿಂಕ್ ಸಾಕಷ್ಟು ಸಿಗುವುದಿಲ್ಲ ಎಂಬುದು ನನ್ನ ಅನುಮಾನವಾಗಿತ್ತು. ರೋಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗಲು ತಾಮ್ರ ಬೇಕೇ ಬೇಕು. ಅದು ಕಡಿಮೆಯಾದ ರೋಮ ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ. ಪರಿಚಯದ ವೈದ್ಯರೊಬ್ಬರು ಒಪ್ಪಲಿಲ್ಲವಾದರೂ, ಸುಮಾರು 350 ಕಿಲೋ ತೂಗುವ ಇವಳಿಗೆ ದಿನಕ್ಕೆ 300 ಮಿಲಿಗ್ರಾಂ ಆಸುಪಾಸು ಜಿಂಕ್, 100 ಮಿಲಿಗ್ರಾಂ ತಾಮ್ರ, ಅಂದಿನ ದಿನವೇ ಪುಡಿಮಾಡಿದ ಅಗಸೆ ಬೀಜ ನೂರು ಗ್ರಾಂ ಮತ್ತು ಒಂದು ಹಿಡಿ ಉಪ್ಪು ಕೊಡತೊಡಗಿದೆ. ಮೂರಕ್ಕೆ ಒಂದರ ಅನುಪಾತ ಮುಖ್ಯ, ಏಕೆಂದರೆ ಜಿಂಕ್ ಅತಿಯಾದರೆ ತಾಮ್ರ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಟಾನಿಕ್ ಪೂರ್ತಿ ನಿಲ್ಲಿಸಿದೆ. ದನದ ಆಹಾರವನ್ನೋ ಖನಿಜ ಮಿಶ್ರಣವನ್ನೋ ಬಳಸುವವರು ಚೀಟಿಯಲ್ಲಿ ದನದ ಆಹಾರಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುದುರೆಗೆ ಅದು ಪ್ರಾಣಾಂತಕ ವಿಷ. ಲವಣಗಳ ಕಹಿಗೆ ಅವಳು ಬುಟ್ಟಿ ಬಿಟ್ಟು ಹೋಗದಂತೆ ಒಂದು ವಸ್ತುವನ್ನು ಬೆರೆಸುತ್ತೇನೆ, ಅದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಎರಡು ತಿಂಗಳು ಯಾವ ಬದಲಾವಣೆಯೂ ಕಾಣಲಿಲ್ಲ. ಹಳೆಯ ರೋಮ ಮತ್ತೆ ಕಪ್ಪಾಗುವುದಿಲ್ಲ, ಅದು ಉದುರಿ ಹೊಸದು ಬರುವವರೆಗೆ ಕಾಯಲೇಬೇಕು. ನಾಲ್ಕನೆಯ ತಿಂಗಳ ಹೊತ್ತಿಗೆ ಕುತ್ತಿಗೆಯಿಂದ ಆರಂಭವಾಗಿ ಹಿಂಭಾಗದವರೆಗೆ ನೀಲಿ ಮಿಶ್ರಿತ ಕಪ್ಪು ಬಂತು. ಇಂಥ ಮೈಬಣ್ಣ ನಮ್ಮ ಸುತ್ತಲಿನ ಬೇರಾವ ಲಾಯದಲ್ಲಿಯೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಈಗ ಇದಕ್ಕೆಲ್ಲ ಸೇರಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ರೂಪಾಯಿ ತಗಲುತ್ತದೆ.

ಗೊರಸಿನ ಮೇಲಂಚಿನಲ್ಲೂ ಹೊಸ ಬೆಳವಣಿಗೆ ಬಿಗಿಯಾಗಿ ಬರುತ್ತಿದೆ. ಅದು ನೆಲದವರೆಗೆ ಇಳಿಯಲು ವರ್ಷದ ಹತ್ತಿರ ಬೇಕು. ಮುಂದಿನ ಸಲ ಲಾಳ ಕಟ್ಟಿಸುವಾಗ ಮೊಳೆ ಹೇಗೆ ನಿಲ್ಲುತ್ತದೆಂದು ನೋಡಬೇಕಾಗಿದೆ.