ಹಾಲಿನ ಲೆಕ್ಕಕ್ಕೊಂದು ಪುಟ್ಟ ಕುಬರ್ನೆಟಿಸ್: ನನ್ನ ಅನುಭವ

ಪಾಂಡವಪುರ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನಾನು ಬರೆದುಕೊಟ್ಟ ತಂತ್ರಾಂಶ ಚಿಕ್ಕದು. ಬೆಳಿಗ್ಗೆ ಮತ್ತು ಸಂಜೆ ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ಹಿಂಡಿ ಬೂಸಾದ ಬಾಕಿ ಎಷ್ಟು, ಬಟವಾಡೆಯ ದಿನ ಕೈಗೆ ಎಷ್ಟು ಬರಬೇಕು, ಇಷ್ಟೇ. ಫ್ಲಾಸ್ಕ್ ಎಂಬ ಪೈಥಾನ್ ಸಲಕರಣೆಯಲ್ಲಿ ಬರೆದ ಕೆಲವು ವೆಬ್ ಪುಟಗಳು, ಅವುಗಳ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬರೆಯುವುದಕ್ಕಿಂತ ಅದನ್ನು ಸಂಘದ ಕಟ್ಟಡದಲ್ಲೇ ನೆಲೆಗೊಳಿಸಿ ನಡೆಸುವುದು ದೊಡ್ಡ ಕೆಲಸವಾಯಿತು.

ಕ್ಲೌಡ್‌ನಲ್ಲಿ ಇಡಬಹುದಿತ್ತಲ್ಲ ಎಂದು ಮೈಸೂರಿನ ಗೆಳೆಯರು ಕೇಳಿದರು. ಹಾಲು ಅಳೆಯುವ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟರೆ ಸಾಲಿನಲ್ಲಿ ನಿಂತವರಿಗೆ ಏನು ಹೇಳುವುದು? ಸಂಘದಲ್ಲಿ ನಾಲ್ಕು ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಅದಕ್ಕೆ ಉಬುಂಟು ಹಾಕಿ, ಅದರ ಮೇಲೆ ಕೆ3ಎಸ್ ಕೂರಿಸಿದೆ. ಇದು ಕುಬರ್ನೆಟಿಸ್‌ನ ಹಗುರ ರೂಪ. ಕುಬರ್ನೆಟಿಸ್ ಎಂದರೆ ಕಂಟೇನರ್‌ಗಳನ್ನು, ಅಂದರೆ ಬೇಕಾದದ್ದನ್ನೆಲ್ಲ ಜೊತೆಯಲ್ಲೇ ಕಟ್ಟಿಕೊಂಡ ಪ್ರೋಗ್ರಾಂ ಪೊಟ್ಟಣಗಳನ್ನು, ಓಡಿಸಿ ನೋಡಿಕೊಳ್ಳುವ ತಂತ್ರಾಂಶ. ಇಡೀ ಕೆ3ಎಸ್ 100 ಎಂಬಿಗಿಂತ ಕಡಿಮೆ ತೂಕದ ಒಂದೇ ಕಡತದಲ್ಲಿದೆ. ಒಂದೇ ಯಂತ್ರವಿದ್ದರೆ ತನ್ನ ಲೆಕ್ಕವನ್ನು ಎಟ್‌ಸಿಡಿ ಎಂಬ ದತ್ತಾಂಶ ಕೋಶದ ಬದಲು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಶುರುವಾದರೆ ತಾನೂ ಶುರುವಾಗುತ್ತದೆ. ಒಂದು ಯಂತ್ರಕ್ಕೆ ಡಾಕರ್ ಕಂಪೋಸ್ ಎಂಬ ಇನ್ನೂ ಸರಳವಾದ ಸಲಕರಣೆ ಸಾಕು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿದ್ದದ್ದನ್ನು ಎಬ್ಬಿಸುವುದು, ನಿಗದಿತ ಹೊತ್ತಿಗೆ ಬ್ಯಾಕಪ್ ತೆಗೆಯುವುದು, ಸಿದ್ಧವಾಗದ ಪಾಡ್‌ಗೆ (ಕುಬರ್ನೆಟಿಸ್ ಓಡಿಸುವ ಕಂಟೇನರಿನ ಘಟಕ) ಯಾರನ್ನೂ ಕಳುಹಿಸದೆ ಇರುವುದು, ಎಲ್ಲವೂ ಒಂದೇ ಕಡೆ ಒಂದೇ ಬಗೆಯಲ್ಲಿ ಬರೆದಿಡಲು ಸಿಗುತ್ತದೆ ಎಂಬುದು ನನಗೆ ಮುಖ್ಯವಾಗಿತ್ತು.

ಕಂಟೇನರ್‌ಗಳು ಹುಟ್ಟುವ ಅಚ್ಚುಗಳಾದ ಇಮೇಜ್‌ಗಳನ್ನು ಮೈಸೂರಿನ ಮನೆಯಲ್ಲೇ ಕಟ್ಟಿ, ಟಾರ್ ಕಡತ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದೆ. ಕೆ3ಎಸ್‌ನ ಇಮೇಜ್ ಫೋಲ್ಡರ್‌ನಲ್ಲಿ ಅವನ್ನು ಇಟ್ಟರೆ ಶುರುವಾಗುವಾಗ ತಾನೇ ಓದಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಇಮೇಜ್‌ಗೆ ‘ಲೇಟೆಸ್ಟ್’ ಎಂಬ ಹಣೆಪಟ್ಟಿ ಹಚ್ಚಿ ಬಿಟ್ಟರೆ, ಬೇರೆ ಸೂಚನೆ ಕೊಡದ ಹೊರತು ಕುಬರ್ನೆಟಿಸ್ ಪ್ರತಿ ಸಲವೂ ಇಂಟರ್‌ನೆಟ್‌ಗೆ ಹೋಗಿ ವಿಚಾರಿಸುತ್ತದೆ. ನೆಟ್ ಇಲ್ಲದಿದ್ದರೆ ಪಕ್ಕದಲ್ಲೇ ಇಮೇಜ್ ಇದ್ದರೂ ಪಾಡ್ ಏಳುವುದಿಲ್ಲ. ಸ್ಪಷ್ಟ ಆವೃತ್ತಿ ಸಂಖ್ಯೆ ಕೊಟ್ಟರೆ, ಇರುವುದನ್ನೇ ಬಳಸುತ್ತದೆ.

ಸಂಘದ ಕಾರ್ಯದರ್ಶಿಯವರು ಇದನ್ನೆಲ್ಲ ನೋಡುತ್ತ ನಿಂತಿದ್ದವರು ಕೇಳಿದ್ದು ಒಂದೇ ಪ್ರಶ್ನೆ: “ಸರ್, ಕರೆಂಟು ಹೋದರೆ ಅರ್ಧ ಬರೆದ ಲೆಕ್ಕ ಎಲ್ಲಿರುತ್ತದೆ?” ನನ್ನ ಇಡೀ ಕೆಲಸ ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಇತ್ತು. ವೆಬ್ ಪುಟಗಳನ್ನು ತೋರಿಸುವ ಕಂಟೇನರ್ ಸತ್ತರೆ ಸಾಯಲಿ, ಇನ್ನೊಂದು ಹುಟ್ಟುತ್ತದೆ. ಡೇಟಾಬೇಸ್‌ಗೆ ಆ ಮಾತು ಸಲ್ಲದು.

ಆದ್ದರಿಂದ ಪೋಸ್ಟ್‌ಗ್ರೆಸ್ಸನ್ನು ಡಿಪ್ಲಾಯ್‌ಮೆಂಟ್ ಆಗಿ ಅಲ್ಲ, ಸ್ಟೇಟ್‌ಫುಲ್‌ಸೆಟ್ ಆಗಿ ನಿಲ್ಲಿಸಿದೆ. ಇವೆರಡೂ ಕುಬರ್ನೆಟಿಸ್ ಪಾಡ್‌ಗಳನ್ನು ನಡೆಸುವ ಬಗೆಗಳು; ಸ್ಟೇಟ್‌ಫುಲ್‌ಸೆಟ್ ಹಳೆಯ ಪಾಡ್ ಇಳಿದ ಮೇಲೆಯೇ ಹೊಸದನ್ನು ಎಬ್ಬಿಸುತ್ತದೆ. ಡಿಪ್ಲಾಯ್‌ಮೆಂಟ್ ತನ್ನ ರೂಢಿಯಂತೆ ಹೊಸ ಪಾಡನ್ನು ಎಬ್ಬಿಸಿದ ಮೇಲೆ ಹಳೆಯದನ್ನು ಇಳಿಸುತ್ತದೆ. ಆ ಹೊತ್ತಿನಲ್ಲಿ ಒಂದೇ ದತ್ತಾಂಶದ ಮೇಲೆ ಎರಡು ಪೋಸ್ಟ್‌ಗ್ರೆಸ್ ಕೈಯಿಡಬಹುದು. ದತ್ತಾಂಶ ಇಡುವ ಜಾಗವಾದ ವಾಲ್ಯೂಮಿಗೆ ‘ರೀಡ್‌ರೈಟ್‌ಒನ್ಸ್’ (ಒಂದೇ ಕಡೆಯಿಂದ ಓದು, ಬರಹ) ಎಂದು ಬರೆದಿದ್ದೇವಲ್ಲ ಎಂದು ಧೈರ್ಯವಾಗಿರುವವರಿದ್ದಾರೆ. ಆ ನಿರ್ಬಂಧ ಯಂತ್ರಕ್ಕೆ ಅನ್ವಯಿಸುತ್ತದೆ, ಪಾಡ್‌ಗಲ್ಲ. ನಮ್ಮಲ್ಲಿ ಇರುವುದೇ ಒಂದು ಯಂತ್ರ. ಇನ್ನು ಕೆ3ಎಸ್ ತಾನಾಗಿ ಕೊಡುವ ಸ್ಥಳೀಯ ವಾಲ್ಯೂಮ್‌ನ ನಿಯಮ ‘ಡಿಲೀಟ್’: ಯಾರಾದರೂ ಕ್ಲೇಮ್ (ಆ ಜಾಗಕ್ಕೆ ಸಲ್ಲಿಸಿದ ಬೇಡಿಕೆ) ಅಳಿಸಿದರೆ ಡಿಸ್ಕಿನ ಮೇಲಿನ ಫೋಲ್ಡರೂ ಹೋಗುತ್ತದೆ. ಮೊದಲ ದಿನವೇ ಅದನ್ನು ‘ರಿಟೇನ್’ (ಉಳಿಸಿಕೋ) ಎಂದು ಬದಲಿಸಿ.

ಆಮೇಲೆ ಕಾರ್ಯದರ್ಶಿಯವರ ಎದುರಿಗೇ ಪರೀಕ್ಷೆ ಮಾಡಿದೆ. ಅವರು ನಮೂದು ಮಾಡುತ್ತಿರುವಾಗಲೇ ಪ್ಲಗ್ ಕಿತ್ತೆ. ಮತ್ತೆ ಚಾಲೂ ಮಾಡಿದಾಗ, ಸರಿಯಾಗಿ ಮುಚ್ಚಿರಲಿಲ್ಲ, ಚೇತರಿಸಿಕೊಳ್ಳುತ್ತಿದ್ದೇನೆ ಎಂಬರ್ಥದ ಸಾಲು ಪೋಸ್ಟ್‌ಗ್ರೆಸ್‌ನ ಲಾಗ್‌ನಲ್ಲಿ ಬಂತು. ಪ್ರತಿ ಬದಲಾವಣೆಯನ್ನು ಅದು ಮೊದಲು ತನ್ನ ಮುಂಗಡ ದಾಖಲೆಯಲ್ಲಿ ಬರೆದು ಡಿಸ್ಕಿಗೆ ಇಳಿಸಿದ ನಂತರವೇ ‘ಉಳಿಯಿತು’ ಎನ್ನುವುದರಿಂದ, ಪರದೆಯ ಮೇಲೆ ಹಸಿರು ಗುರುತು ಬಂದಿದ್ದ ನಮೂದುಗಳೆಲ್ಲ ಹಾಗೆಯೇ ಇದ್ದವು. ಉಳಿಸುವ ಗುಂಡಿ ಒತ್ತದೇ ಬಿಟ್ಟಿದ್ದ ಕೊನೆಯದು ಮಾತ್ರ ಇರಲಿಲ್ಲ. ಕಾರ್ಯದರ್ಶಿಯವರು ಚೀಟಿಯೊಂದಿಗೆ ಹೋಲಿಸಿ ನೋಡಿ ತಲೆಯಾಡಿಸಿದರು. ಈ ಚೇತರಿಕೆಗೆ ಸಮಯ ಬೇಕು. ಅವಸರದ ಲೈವ್‌ನೆಸ್ ಪರೀಕ್ಷೆ (ಪಾಡ್ ಬದುಕಿದೆಯೇ ಎಂದು ಆಗಾಗ ನೋಡುವುದು) ಇಟ್ಟರೆ, ಚೇತರಿಸಿಕೊಳ್ಳುತ್ತಿರುವ ಡೇಟಾಬೇಸನ್ನು ಸತ್ತಿದೆ ಎಂದು ತಿಳಿದು ಕುಬರ್ನೆಟಿಸ್ ಮತ್ತೆ ಮತ್ತೆ ಕೊಲ್ಲುತ್ತದೆ. ನಾನು ಅದಕ್ಕೂ ಮೊದಲು ನಡೆಯುವ, ಶುರುವಾಯಿತೇ ಎಂದು ನೋಡುವ ಸ್ಟಾರ್ಟಪ್ ಪರೀಕ್ಷೆಗೆ ಧಾರಾಳವಾಗಿ ಸಮಯ ಕೊಟ್ಟಿದ್ದೇನೆ.

ಮುಂದಿನದು ಗಡಿಯಾರ. ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಸಮಯದಲ್ಲಿ ನಡೆಯುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪಟ್ಟಣದ ಕಚೇರಿ ಕೆಲಸಕ್ಕೆ ಇದರಿಂದ ತೊಂದರೆ ಕಾಣದೆ ಹೋಗಬಹುದು. ಆದರೆ ಊರಿನಲ್ಲಿ ಐದು ಗಂಟೆಗೇ ಕ್ಯಾನ್ ಹಿಡಿದು ಬರುವವರಿದ್ದಾರೆ. ಬೆಳಿಗ್ಗೆ 5.10ಕ್ಕೆ ಹಾಲು ಹಾಕಿದವರ ಹೊತ್ತು ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11.40. ಅವರ ಹಿಂದೆಯೇ ನಿಂತು 5.35ಕ್ಕೆ ಹಾಕಿದವರದು ಈ ದಿನದ ತಾರೀಖು. ಒಂದೇ ಸಾಲಿನ ಇಬ್ಬರ ಹಾಲು ಎರಡು ದಿನಗಳಿಗೆ ಹಂಚಿಹೋಗುತ್ತದೆ. ಬಟವಾಡೆಯ ಅವಧಿ ಬದಲಾಗುವ ದಿನವಾದರೆ ಒಬ್ಬರ ದುಡ್ಡು ಮುಗಿದ ಲೆಕ್ಕಕ್ಕೆ ಹೋಗಿ ಸೇರುತ್ತದೆ. ಇದು ಮೊದಲೇ ಗೊತ್ತಿದ್ದರಿಂದ, ಹೊತ್ತನ್ನು ವಲಯ ಸಹಿತವಾಗಿ ಉಳಿಸಿ, ಡೇಟಾಬೇಸ್‌ಗೆ ‘ಏಷ್ಯಾ/ಕೋಲ್ಕತಾ’ ವಲಯ ನಿಗದಿ ಮಾಡಿದೆ. ಅದರ ಜೊತೆಗೆ ‘ದಿನಾಂಕ’ ಮತ್ತು ‘ಬೆಳಿಗ್ಗೆ/ಸಂಜೆ’ ಎಂಬ ಎರಡು ಪ್ರತ್ಯೇಕ ಕಾಲಂ ಇಟ್ಟೆ. ರೈತರಿಗೆ ಬೇಕಾದದ್ದು ಕ್ಷಣದ ಲೆಕ್ಕವಲ್ಲ, ಯಾವ ದಿನದ ಯಾವ ಹೊತ್ತಿನ ಹಾಲು ಎಂಬುದು. ಲೀಟರ್ ಮತ್ತು ಹಣದ ಕಾಲಂಗಳಿಗೆ ‘ನ್ಯೂಮೆರಿಕ್’ (ನಿಖರ ದಶಮಾಂಶ) ಬಗೆಯನ್ನೇ ಬಳಸಿ. ಅಂದಾಜು ಸಂಖ್ಯೆ ಇಡುವ ‘ಫ್ಲೋಟ್’ ಬಳಸಿದರೆ ಪೈಸೆ ತಾಳೆಯಾಗುವುದಿಲ್ಲ.

ಸದಸ್ಯರ ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಬ್ಬೊಬ್ಬರ ಹೆಸರನ್ನೂ ಕಾರ್ಯದರ್ಶಿಯವರಿಂದ ಓದಿಸಿ ತಿದ್ದಿದೆ. ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಲು ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ಐಸಿಯು ಕೊಲೇಷನ್ ಇದೆ, ಬಳಸಿಕೊಳ್ಳಿ.

ಡೇಟಾಬೇಸಿನ ಪಾಸ್‌ವರ್ಡನ್ನು ಕುಬರ್ನೆಟಿಸ್‌ನ ಗುಟ್ಟು ಇಡುವ ಜಾಗವಾದ ಸೀಕ್ರೆಟ್‌ನಲ್ಲಿ ಇಟ್ಟಿದ್ದೇನೆ. ಅಲ್ಲಿ ಕಾಣುವ ಅಕ್ಷರಗಳು ಬೇಸ್64 ಎಂಬ ಬೇರೆ ಬರಹ ರೂಪ ಮಾತ್ರ, ಗೂಢಲಿಪಿಯಲ್ಲ. ಯಾರು ಬೇಕಾದರೂ ಬಿಡಿಸಬಹುದು. ಹಾಗಾಗಿ ಆ ಕಡತವನ್ನು ಗಿಟ್‌ಗೆ (ಕೋಡಿನ ಆವೃತ್ತಿಗಳನ್ನು ಇಡುವ ಕಣಜ) ಸೇರಿಸಿಲ್ಲ. ಪುಟಗಳನ್ನು ನೋಡ್‌ಪೋರ್ಟ್ (ಹೊರಗಿನಿಂದ ಯಂತ್ರಕ್ಕೆ ಬರುವ ಬಾಗಿಲಿನ ಸಂಖ್ಯೆ) 30080ರಲ್ಲಿ ತೆರೆದಿದ್ದೇನೆ. ಸಂಘದ ವೈಫೈಗೆ ಸೇರಿದ ಮೊಬೈಲ್‌ನಲ್ಲೂ, ಇಂಟರ್‌ನೆಟ್ ಇಲ್ಲದಿದ್ದರೂ, ಅವು ಕಾಣುತ್ತವೆ. ಡೇಟಾಬೇಸ್‌ನ ಬಾಗಿಲಾದ 5432 ಮಾತ್ರ ಹೊರಗೆ ತೆರೆದಿಲ್ಲ.

ಸಂಜೆಯ ಹಾಲು ಮುಗಿದ ಮೇಲೆ ಒಂದು ಕ್ರಾನ್‌ಜಾಬ್ (ನಿಗದಿತ ಹೊತ್ತಿಗೆ ತಾನೇ ನಡೆಯುವ ಕೆಲಸ) ಇಡೀ ಡೇಟಾಬೇಸಿನ ಡಂಪ್, ಅಂದರೆ ಪೂರ್ತಿ ನಕಲು, ತೆಗೆದು ಇನ್ನೊಂದು ಡಿಸ್ಕಿಗೆ ಬರೆಯುತ್ತದೆ. ಅದಕ್ಕೂ ಕಾಲವಲಯ ನಮೂದಿಸಿ, ಕುಬರ್ನೆಟಿಸ್ 1.27ರಿಂದ ಈ ಸೌಲಭ್ಯ ಸ್ಥಿರವಾಗಿದೆ. ಮರಳಿ ತುಂಬಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ಬಟವಾಡೆಗೆ ಮೊದಲು ಒಂದು ಡಂಪನ್ನು ಮನೆಗೆ ತಂದು, ಲ್ಯಾಪ್‌ಟಾಪಿನ ಖಾಲಿ ಪೋಸ್ಟ್‌ಗ್ರೆಸ್‌ಗೆ ತುಂಬಿ, ಒಟ್ಟು ಮೊತ್ತವನ್ನು ಸಂಘದ ಲೆಡ್ಜರ್ ಜೊತೆ ತಾಳೆ ನೋಡುತ್ತೇನೆ. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಏರಿಸುವುದಕ್ಕೂ ಇದೇ ದಾರಿ ಹಿಡಿಯಬೇಕೆಂದಿದ್ದೇನೆ, ಏಕೆಂದರೆ 16ರ ಫೋಲ್ಡರನ್ನು 17 ನೇರವಾಗಿ ಓದುವುದಿಲ್ಲ. ಅಲ್ಲಿಯವರೆಗೆ ಇಮೇಜ್‌ನ ಹೆಸರಿನ ಮುಂದೆ 16 ಎಂದೇ ಬರೆದಿದ್ದೇನೆ.