ಮುಚ್ಚಳಗಳಿಂದ ನೆಟ್ಟಗಿನ ಹಲಗೆ: ಹದಿನಾಲ್ಕನೇ ಸಲ ಕೈಗೂಡಿತು

ಬಾಟಲಿ ಮುಚ್ಚಳ ಕರಗಿಸಿ ಮಾಡಿದ ಹಲಗೆ ದೋಣಿ ಥರ ಬಾಗಿಯೇ ಬಾಗುತ್ತದೆ, ದೊಡ್ಡ ಪ್ರೆಸ್ (ಒತ್ತುವ ಯಂತ್ರ) ಇಲ್ಲದೆ ಆಗುವ ಕೆಲಸವಲ್ಲ ಎಂದು ಬಲ್ಲವರೇ ಹೇಳಿದ್ದರು. ಈಗ ನನ್ನ ಮೇಜಿನ ಮೇಲೆ ಒಂದಡಿ ಚೌಕದ, 20 ಮಿ.ಮೀ. ದಪ್ಪದ ಹಲಗೆ ಇದೆ. ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಕಾಗದ ತೂರುವಷ್ಟೂ ಸಂದಿಲ್ಲ.

ಮೊದಲ ಆರೇಳು ಹಲಗೆ ಕೆಟ್ಟಿದ್ದು ನನ್ನ ಅವಸರಕ್ಕೆ. ಓವನ್ 180 ಡಿಗ್ರಿಗೆ ಇಟ್ಟು, ಎರಡು ಗಂಟೆ ಕಾಯಿಸಿ, ಬಿಸಿ ಅಚ್ಚನ್ನು ಸೀದಾ ತಣ್ಣೀರಿಗೆ ಇಳಿಸುತ್ತಿದ್ದೆ. ಹೊರಮೈ ತಕ್ಷಣ ಗಟ್ಟಿಯಾಗುತ್ತಿತ್ತು. ಒಳಗಿನದು ಆಮೇಲೆ ಕುಗ್ಗುತ್ತಾ ಹೊರಮೈಯನ್ನೇ ಎಳೆದುಕೊಳ್ಳುತ್ತಿತ್ತು. ನಡುವೆ ಕುಳಿ, ಮೂಲೆಗಳು ಮೇಲಕ್ಕೆ. ಒಂದನ್ನು ಕೊಯ್ದು ನೋಡಿದೆ, ಒಳಗೆ ಬೆರಳು ಹೋಗುವಷ್ಟು ಟೊಳ್ಳು!

ಈ ಮುಚ್ಚಳಗಳ ಪ್ಲಾಸ್ಟಿಕ್ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥಿನ್. ಅದರ ಅಣುಗಳು ಉದ್ದುದ್ದ ಸರಪಳಿಗಳು, ಅವಕ್ಕೆ ಕೊಂಬೆಗಳು ಕಡಿಮೆ. ಹಾಗಾಗಿ ತಣಿಯುವಾಗ ಒತ್ತಾಗಿ ಕೂರುತ್ತವೆ. ಕರಗಿದಾಗಿನ ಗಾತ್ರದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೋಗಿಬಿಡುತ್ತದೆ. ಅಷ್ಟು ಕುಗ್ಗುವ ವಸ್ತುವಿನ ಮೇಲೆ ಅಚ್ಚಿನ ಮುಚ್ಚಳವನ್ನು ಬೋಲ್ಟ್ ಹಾಕಿ ಬಿಗಿದಿಟ್ಟರೆ ಒತ್ತಡ ಎಲ್ಲಿ ಉಳಿಯುತ್ತದೆ, ಅಲ್ವಾ? ಬೋಲ್ಟ್ ತೆಗೆದೆ. ಅಚ್ಚಿನೊಳಗೆ ಜಾರಿ ಇಳಿಯುವಂತೆ ದಪ್ಪ ತಟ್ಟೆ ಮಾಡಿಸಿದೆ, ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದೆ. ಓವನ್ ಆರಿಸಿ, ಬಾಗಿಲು ತೆಗೆಯದೆ, ಹತ್ತು ಗಂಟೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ತಟ್ಟೆ ನಾಲ್ಕೈದು ಮಿ.ಮೀ. ಕೆಳಗೆ ಇಳಿದಿತ್ತು. ಆವತ್ತೇ ಗೊತ್ತಾಯಿತು, ಇದು ಸರಿ ದಾರಿ ಎಂದು.

ಆದರೂ ಎಂಟನೆಯದು, ಒಂಬತ್ತನೆಯದು ಪದರ ಪದರವಾಗಿ ಬಿಟ್ಟುಕೊಂಡವು. ಪಿಪಿ (ಪಾಲಿಪ್ರೊಪಿಲೀನ್) ಎಂಬ ಬೇರೆ ಪ್ಲಾಸ್ಟಿಕ್‌ನ ಮುಚ್ಚಳಗಳು ಸೇರಿದ್ದವು, ಅದು ಎಚ್‌ಡಿಪಿಇ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಎರಡೂ ನೀರಿನಲ್ಲಿ ತೇಲುತ್ತವೆ, ಬೇರ್ಪಡಿಸುವುದು ಹೇಗೆ? ನೀರಿಗೆ ಸ್ಪಿರಿಟ್ ಬೆರೆಸಿದರೆ ಪಿಪಿ ತೇಲುತ್ತದೆ, ಎಚ್‌ಡಿಪಿಇ ಮುಳುಗುತ್ತದೆ. ಎಷ್ಟಕ್ಕೆ ಎಷ್ಟು ಎಂಬುದು ನನ್ನ ಬಳಿಯೇ ಇರಲಿ. ಒಮ್ಮೆ ಪಿವಿಸಿ ಚೂರೊಂದು ನುಸುಳಿತ್ತು. ಮೂಗು ಸುಡುವ ಹೊಗೆ ಬಂತು, ಓವನ್ ಆರಿಸಿ ಹೊರಗೆ ಓಡಿದೆ. ಮಾರನೇ ದಿನ ಅಚ್ಚಿನ ಒಳಮೈ ತುಂಬಾ ತುಕ್ಕು. ಈಗ ಒಂದೊಂದು ಮುಚ್ಚಳವನ್ನೂ ತಿರುಗಿಸಿ ನೋಡದೆ ಹಾಕುವುದಿಲ್ಲ.

ಕಚ್ಚಾ ಮಾಲಿಗೆ ದುಡ್ಡಿಲ್ಲ, ಆದರೆ ಉಳಿದ ಎಲ್ಲದಕ್ಕೂ ಉಂಟು. ಮೊದಲ ಅಚ್ಚು ತೆಳು ತಗಡಿನದು, ಎರಡನೇ ಸಲಕ್ಕೇ ಹೊಟ್ಟೆ ಬಿಟ್ಟಿತು. ದಪ್ಪ ಉಕ್ಕಿನದಕ್ಕೆ ಅದರ ಮೂರರಷ್ಟು ಹೋಯಿತು. ಒಟ್ಟು ಖರ್ಚಿನ ಅರ್ಧ ಅಚ್ಚುಗಳಿಗೇ. ಓವನ್ ಮೇಲಿನ ಅಂಕಿ ನಂಬಿ ಮೂರು ಹಲಗೆ ಕಳೆದುಕೊಂಡೆ, ಒಳಗಿನ ನಿಜವಾದ ಬಿಸಿ 25 ಡಿಗ್ರಿಯಷ್ಟು ಕಡಿಮೆ ಇತ್ತು. ಬಿಸಿ ಅಳೆಯುವ ಅಗ್ಗದ ಥರ್ಮೋಕಪಲ್ ಒಂದನ್ನು ಮೊದಲೇ ಕೊಂಡಿದ್ದರೆ ಆ ಕರೆಂಟ್ ಬಿಲ್ ಉಳಿಯುತ್ತಿತ್ತು.

ನಡುವೆ ಸುಮ್ನೆ ಮರದ ಹುಡಿ ಬೆರೆಸಿ ನೋಡಿದೆ. ಒಣಗಿಸದೆ ಹಾಕಿದ್ದಕ್ಕೆ ತೇವ ಆವಿಯಾಗಿ ಹಲಗೆ ತುಂಬಾ ಗುಳ್ಳೆ. 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ ಹಾಕಿದಾಗ ಚೆನ್ನಾಗಿ ಬಂತು. ಬಾಗುವುದೂ ಕಡಿಮೆ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಕೈಚೀಲದ ಮೆತ್ತನೆ ಪಾಲಿಥಿನ್ ಸೇರಿಸಿದ್ದು ಮಾತ್ರ ಸುಲಭವಾಗಿ ಬಳುಕಿತು, ಬಿಟ್ಟೆ.

ಹಲಗೆ ಅಚ್ಚಿಗೆ ಅಂಟದಿರಲು ಏನು ಹಚ್ಚುತ್ತೇನೆ ಎಂದು ತುಂಬಾ ಜನ ಕೇಳಿದ್ದಾರೆ. ಅದನ್ನು ಈಗಲೇ ಹೇಳುವುದಿಲ್ಲ. ಎಣ್ಣೆ ಅಲ್ಲ, ಇಷ್ಟೇ.

ಒಂದಡಿ ಹಲಗೆಗೆ ಹತ್ತಿರ ಹತ್ತಿರ 1.7 ಕೆಜಿ ಬೇಕು. ನನ್ನ ಲೆಕ್ಕದಲ್ಲಿ ಎಂಟುನೂರು ಮುಚ್ಚಳ ದಾಟುತ್ತದೆ. ಇವತ್ತು 40 ಮಿ.ಮೀ. ದಪ್ಪದ್ದು ಓವನ್‌ನಲ್ಲಿದೆ. ನಾಳೆ ಸಂಜೆವರೆಗೆ ಬಾಗಿಲು ತೆಗೆಯುವುದಿಲ್ಲ.